ಹ್ಯಾಂಡ್‌ಬ್ರೇಕ್ ಮೇಲೆ ಅಪ್ಪನ ಕೈ

ಮತ್ತೆ ಅದೇ ಸದ್ದು, ಟಕ್ ಅಲ್ಲ, ಟೊಕ್, ದಪ್ಪಗೆ, ಸೀಟಿನ ಹಿಂದೆ ಎಲ್ಲೋ ಹುಟ್ಟಿ ಬೆನ್ನಿಗೆ ಬಂದು ತಾಗೋ ಸದ್ದು, ಕಿವಿಗಿಂತ ಮೊದಲು ನನ್ನ ಸೊಂಟಕ್ಕೆ ಗೊತ್ತಾಯಿತು, ಬ್ರೇಕ್ ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು — ಡಿಕ್ಕಿಯಲ್ಲಿ ಅಮ್ಮನ ವಾಕರ್ ಉರುಳಾಡ್ತಿರಬಹುದು, ಇರಲಪ್ಪ, ವಾಕರೇ ಆಗಿರಲಿ, ಆದರೆ ಆ ವಾಕರನ್ನ ಹಳೇ ಬೆಡ್‌ಶೀಟಲ್ಲಿ ಸುತ್ತಿ ಹಗ್ಗ ಬಿಗಿದವಳು ನಾನೇ, ಆಸ್ಪತ್ರೆ ಮೆಟ್ಟಿಲ ಹತ್ತಿರ, ಅಪ್ಪ ಪಕ್ಕದಲ್ಲಿ ನಿಂತು ಇನ್ನೊಂದು ಗಂಟು ಹಾಕು, ಇನ್ನೊಂದು ಗಂಟು ಹಾಕು ಅಂತ ಪ್ರಾಣ ತಿಂದಿದ್ದರು, ಅದು ಅಲುಗಲ್ಲ, ಅಲುಗ್ತಿರೋದು ಬೇರೆ. ಇಳಿಜಾರು ಈಗಷ್ಟೇ ಶುರುವಾಗಿದೆ, ರಸ್ತೆ ಗುಡ್ಡವನ್ನ ಸುತ್ತಿ ಸುತ್ತಿ ಇಳಿಯುತ್ತೆ, ಇಳಿದು ಮುಗಿಯೋ ತನಕ ಅಪ್ಪನ ಕಡೆ ಕಣಿವೆ, ನನ್ನ ಕಡೆ ಗುಡ್ಡ, ಹಿಂದಿನ ಸೀಟಲ್ಲಿ ಉದ್ದಕ್ಕೆ ಅಮ್ಮ, ತಲೆ ನನ್ನ ಬೆನ್ನ ಹಿಂದೆ, ಎರಡು ಮಂಡಿ ನಡುವೆ ಆಸ್ಪತ್ರೆಯವರು ಕೊಟ್ಟ ದಿಂಬು, ಸೊಂಟದ ಕೀಲು ಹೊಸದು, ಇನ್ನೂ ಮೈಗೆ ಒಗ್ಗಿಲ್ಲ, ಜರ್ಕ್ ಆಗಬಾರದು, ಕಾಲು ತಿರುಚಬಾರದು, ಜರ್ಕ್ ಆದ್ರೆ ಕೀಲು ಜಾರುತ್ತೆ, ಜಾರಿದ್ರೆ ಮತ್ತೆ ಕೊಯ್ಯಬೇಕು, ಈ ವಯಸ್ಸಲ್ಲಿ ಮತ್ತೆ ಕೊಯ್ಯೋಕೆ ನನಗೆ ಮನಸ್ಸಿಲ್ಲ ಅಂದಿದ್ದರು ಆಪರೇಷನ್ ಮಾಡಿದ ಡಾಕ್ಟರು, ನನ್ನ ಮುಖ ನೋಡಿ ಹೇಳಿದ್ದು, ಓಡಿಸೋಳು ನಾನು ಅಂತ ಅವರಿಗೆ ಗೊತ್ತಿತ್ತು. ಅಮ್ಮ ಮಲಗಿರೋ ಜಾಗದಿಂದ ಆ ಸದ್ದು ಒಂದು ಮೊಳ ದೂರ ಇದ್ದರೆ ಹೆಚ್ಚು.

ಏನದು ಸದ್ದು ಅಂತ ಅಪ್ಪ ಕೇಳಲಿಲ್ಲ, ಕೇಳಿಸಿರಲ್ಲ, ಎಡಗಿವಿ ಯಾವಾಗಲೋ ಹೋಗಿದೆ, ಬಲಗಿವಿಗೆ ಅವರದ್ದೇ ಮಾತು ತುಂಬಿದೆ, ಗೇರ್ ಇಳಿಸು, ಇಳಿಸಿದೀನಿ ಅಪ್ಪ, ಎರಡಕ್ಕೆ ಇಳಿಸು, ಎರಡರಲ್ಲೇ ಇದೆ, ಹಾಗಾದ್ರೆ ಸರಿ, ಅಂತ ಹೇಳಿ ಕೈಯನ್ನ ನಮ್ಮಿಬ್ಬರ ಸೀಟಿನ ನಡುವೆ ಇಟ್ಟರು. ಇಟ್ಟರು ನೋಡು, ಇಟ್ಟೇಬಿಟ್ಟರು. ಹ್ಯಾಂಡ್‌ಬ್ರೇಕ್ ಮೇಲೆ. ನಾನು ಡ್ರೈವಿಂಗ್ ಕಲಿತ ದಿನದಿಂದ ಆ ಕೈಗೆ ಅದೇ ಜಾಗ, ಪಕ್ಕದಲ್ಲಿ ಕೂತು ಭಯ ಆದ್ರೆ ಸಾಕು, ನಾಯಿ ಅಡ್ಡ ಬಂದ್ರೆ, ಸೈಕಲ್ ಅಡ್ಡ ಬಂದ್ರೆ, ಏನೂ ಬರದೆ ಬರೀ ಬರಬಹುದು ಅನ್ನಿಸಿದ್ರೂ ಸಾಕು, ಕ್ರರ್ರ್ ಅಂತ ಎಳೆದುಬಿಡ್ತಾರೆ, ಹೇಳಲ್ಲ ಕೇಳಲ್ಲ, ಭಾವ ಅಕ್ಕನ್ನ ಮದುವೆಯಾದ ಹೊಸದರಲ್ಲಿ ಮೊದಲ ಸಲ ಈ ಗಾಡಿ ಓಡಿಸಿದಾಗ ಎಳೆದು ಅವರ ಹಣೆ ಸ್ಟೀರಿಂಗಿಗೆ ಕುಟ್ಟಿಸಿದ್ದರು, ಆಮೇಲೆ ಭಾವ ಈ ಗಾಡಿ ಕೀ ಮುಟ್ಟಿಲ್ಲ, ಮಾವನ ಗಾಡೀಲಿ ಎರಡು ಡ್ರೈವರ್ ಇರ್ತಾರೆ ಅಂತ ಇವತ್ತಿಗೂ ಆಡ್ಕೊಳ್ತಾರೆ. ನಲವತ್ತು ವರ್ಷ ಜನರ ಬಾಯಿಗೆ ಕೈ ಹಾಕಿ ಹಲ್ಲು ಕಿತ್ತ ಕೈ ಅದು, ಯೋಚನೆ ಮಾಡುತ್ತಾ ಕೂತರೆ ರೋಗಿಗೆ ನೋವು ಜಾಸ್ತಿ, ಗೊತ್ತಾಗೋಕೆ ಮುಂಚೆ ಕಿತ್ತುಬಿಡಬೇಕು ಅಂತ ಅವರೇ ಹೇಳೋರು. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರಾನ ಮಾತ್ರ. ಸದ್ದು ಬರ್ತಿರೋದೂ ಹಿಂದಿಂದ.

ಟೊಕ್. ಈ ಸಲ ಸದ್ದಿನ ಜೊತೆ ಇನ್ನೊಂದು ಆಯ್ತು, ಗಾಡಿ ಮೂತಿ ತಾನಾಗೇ ಸ್ವಲ್ಪ ಕಣಿವೆ ಕಡೆಗೆ ಹೋಯ್ತು, ನಾನು ಸ್ಟೀರಿಂಗ್ ತಿರುಗಿಸಿಲ್ಲ, ಬರೀ ಬ್ರೇಕ್ ಮೇಲೆ ಕಾಲಿಟ್ಟೆ, ಅಷ್ಟಕ್ಕೇ ಹೋಯ್ತು, ಕಾಲು ತೆಗೆದೆ, ಟೊಕ್, ವಾಪಸ್ ಬಂತು. ನನ್ನ ಕಡೆ ಕನ್ನಡೀನ ಕೆಳಗೆ ಬಾಗಿಸಿದೆ, ಹಿಂದಿನ ಚಕ್ರದ ಅರ್ಧ ಕಾಣ್ತಿದೆ, ಮತ್ತೆ ಮೆಲ್ಲಗೆ ಬ್ರೇಕ್ ಒತ್ತು, ಮೆಲ್ಲಗೆ, ಉಗುರಲ್ಲಿ ಒತ್ತಿದಷ್ಟು — ಚಕ್ರ ಹಿಂದಕ್ಕೆ ಸರೀತು. ಸರೀತು, ನನ್ನ ಕಣ್ಣಾರೆ, ಮಡ್‌ಗಾರ್ಡಿನ ಕಮಾನಿನ ಒಳಗೆ ಎರಡು ಬೆರಳಷ್ಟು ಹಿಂದಕ್ಕೆ ಹೋಗಿ ನಿಂತಿತು, ಬ್ರೇಕ್ ಬಿಟ್ಟರೆ ಮುಂದಕ್ಕೆ ಬಂತು. ಇದನ್ನ ನಾನು ನೋಡಿದೀನಿ, ನಮ್ಮ ಆಂಬುಲೆನ್ಸ್ ಡಿಪೋಗೆ ಕ್ರೇನಲ್ಲಿ ತಂದಿದ್ದ ಹಳೇ ವ್ಯಾನಲ್ಲಿ ನೋಡಿದೀನಿ, ಹಿಂದಿನ ಎರಡು ಚಕ್ರ ಸೇರಿಸೋ ಆಕ್ಸಲ್‌ನ ಗಾಡಿಗೆ ಹಿಡಿದಿಡೋಕೆ ಒಂದೊಂದು ಕಡೆ ಒಂದೊಂದು ಕಬ್ಬಿಣದ ತೋಳು ಇರುತ್ತೆ, ತೋಳಿನ ಬುಡ ಚಾಸಿಗೆ ಅಂಟಿರುತ್ತೆ, ಚಾಸಿ ಅಂದ್ರೆ ಗಾಡಿ ಬೆನ್ನೆಲುಬು, ಇಡೀ ಗಾಡಿ ಕೂತಿರೋದೇ ಅದರ ಮೇಲೆ, ಬುಡ ಬಿಟ್ಟುಕೊಂಡ್ರೆ ತೋಳು ಆಕ್ಸಲ್‌ನ ಹಿಡಿಯೋದು ಬಿಟ್ಟು ನೇತಾಡುತ್ತೆ, ಚಕ್ರ ತನಗೆ ತೋಚಿದ ಕಡೆ ಹೋಗುತ್ತೆ, ಗಾಡಿ ಅದರ ಹಿಂದೆ. ನಮ್ಮದು ಪೂರ್ತಿ ಬಿಟ್ಟಿಲ್ಲ, ಪೂರ್ತಿ ಬಿಟ್ಟಿದ್ರೆ ನಾನು ಇಷ್ಟೊತ್ತಿಗೆ ಇದನ್ನೆಲ್ಲ ಯೋಚಿಸ್ತಾ ಇರ್ತಿರಲಿಲ್ಲ, ಯಾವುದೋ ಒಂದು ಅಂಚು ಇನ್ನೂ ಹಿಡ್ಕೊಂಡಿದೆ. ಈಗ ಅಪ್ಪ ಆ ಹ್ಯಾಂಡ್‌ಬ್ರೇಕ್ ಎಳೆದರೆ ಆ ಅಂಚೂ ಕಿತ್ತು ಬರುತ್ತೆ.

ಅಪ್ಪನಿಗೆ ಹೇಳಲಾ. ಅಪ್ಪಾ, ಗಾಡಿ ಕೆಳಗೆ ಏನೋ ಮುರಿದಿದೆ — ಅಂತ ಅಂದ ಮರುಕ್ಷಣ ಕೈ ಎಳೆಯುತ್ತೆ, ವಾಕ್ಯ ಮುಗಿಯೋಕೆ ಬಿಡಲ್ಲ, ಬ್ರೇಕ್ ಮುಟ್ಟಬೇಡಿ ಅಂತ ಮೊದಲು ಹೇಳಿ ಆಮೇಲೆ ಕಾರಣ ಹೇಳಲಾ, ಬ್ರೇಕ್ ಅನ್ನೋ ಮಾತು ಕೇಳಿದರೆ ಸಾಕು ಬೆರಳು ಬಿಗಿಯುತ್ತೆ, ಅವರ ಬೆರಳಿಗೂ ಬುದ್ಧಿಗೂ ಮಾತಿಲ್ಲ ಕತೆಯಿಲ್ಲ. ಕೈ ತೆಗೀರಿ ಅಂದ್ರೆ ಯಾಕೆ ಅಂತಾರೆ. ಯಾಕೆ ಅನ್ನೋದೇ ಅವರ ಮೊದಲ ಮಾತು. ನಿಲ್ಲಿಸಿಬಿಡಲಾ ಇಲ್ಲೇ, ಎಲ್ಲಿ ನಿಲ್ಲಿಸ್ತೀಯ, ಅಂಚಲ್ಲಿ ಜಾಗ ಇಲ್ಲ, ಒಂದು ಸಾಲು ಗಿಡ್ಡ ಕಲ್ಲು, ಅದರಾಚೆ ಗಾಳಿ, ಪ್ರತಿ ನೂರು ಮಾರಿಗೆ ಕುರುಡು ತಿರುವು, ಹಿಂದೆ ಒಂದು ಲಾರಿ ಬೇರೆ ಬಂದಿದೆ ಈಗ, ಮರದ ದಿಮ್ಮಿ ಹೇರಿರೋ ಲಾರಿ, ಕನ್ನಡಿ ತುಂಬ ಅದರ ಮೂತಿ, ಈ ಇಳಿಜಾರಲ್ಲಿ ಗಾಡಿ ನಿಲ್ಲಿಸಬೇಕಂದ್ರೆ ಗಟ್ಟಿಯಾಗಿ ಬ್ರೇಕ್ ಒತ್ತಲೇಬೇಕು, ನಿಂತ ಮೇಲೆ ಹಿಡಿದಿಡೋಕೆ ಹ್ಯಾಂಡ್‌ಬ್ರೇಕ್ ಬೇಕು, ಎರಡೂ ಆಗಲ್ಲ. ಕೆಳಗೆ ಸಮತಟ್ಟು ಜಾಗ ಇದೆ, ಹತ್ತುವಾಗ ನೋಡಿದ್ದೆ, ಲಾರಿಯವರು ಬ್ರೇಕ್ ಆರಲಿ ಅಂತ ನಿಲ್ಲಿಸೋ ಜಲ್ಲಿ ಮೈದಾನ, ಒಂದು ಕಡೆ ಸ್ವಲ್ಪ ಏರು ಇತ್ತು, ಅಲ್ಲಿಗೆ ಹತ್ತಿಸಿದ್ರೆ ಬ್ರೇಕ್ ಇಲ್ಲದೇನೂ ನಿಲ್ಲುತ್ತೆ. ಅಲ್ಲಿ ತನಕ ಮೊದಲ ಗೇರು, ಇಂಜಿನ್ನೇ ಹಿಡೀಲಿ, ಎಳೆತ ಒಂದೇ ಕಡೆಗಿರಲಿ, ಹಿಂದೆ ಮುಂದೆ ಆಡಿಸಬೇಡ, ಆಡಿಸಿದ್ರೆ ಹರಿಯುತ್ತೆ, ತಂತೀನ ಮಡಚಿ ಬಿಡಿಸಿ ಮಡಚಿ ಬಿಡಿಸಿ ಮುರಿಯೋ ಹಾಗೆ. ಒಂದಕ್ಕೆ ಇಳಿಸಿದೆ, ಇಂಜಿನ್ ಕಿರುಚಿತು.

ಒಂದನೇ ಗೇರಾ, ಅಂತ ಅಪ್ಪ. ಅಮ್ಮನಿಗೆ ಕುಲುಕಾಟ ಬೇಡ ಅಂತ ಅಪ್ಪ, ಅಂದೆ, ದನಿ ಚೆನ್ನಾಗೇ ಬಂತು, ಕೆಲಸದ ದನಿ, ಹಿಂದೆ ರೋಗಿ ಒದ್ದಾಡುವಾಗ ಇನ್ನೇನು ಬಂದ್ವಿ ಇನ್ನೇನು ಬಂದ್ವಿ ಅನ್ನೋ ದನಿ. ಆಂಬುಲೆನ್ಸ್ ಓಡಿಸಿ ಓಡಿಸಿ ನನಗೆ ಆ ಒಂದು ದನಿ ಬಂದಿದೆ. ಡಾಕ್ಟರ ಮಗಳು ಆಂಬುಲೆನ್ಸ್ ಡ್ರೈವರ್ ಅಂತೆ, ಅಂತ ನೆಂಟರೆಲ್ಲ ಮೂಗು ಮುರಿದಿದ್ದರು, ಹಲ್ಲಿನ ಡಾಕ್ಟರು ತಾನೆ ಬಿಡಿ ಅಂತ ಅಮ್ಮ ಬಾಯಿ ಮುಚ್ಚಿಸಿದ್ದಳು. ಅಪ್ಪನಿಗೆ ನಾನು ಆ ವಿಷಯ ಹೇಳಿದ್ದು ಇದೇ ಗಾಡಿ ಪಕ್ಕ ನಿಂತು, ಅಪ್ಪ ಗಾಡಿ ಕೆಳಗೆ ಮಲಗಿದ್ದರು, ಭಾನುವಾರ, ಎರಡು ಪಾದ ಮಾತ್ರ ಆಚೆ, ಅಪ್ಪನ ಜೊತೆ ನನ್ನ ದೊಡ್ಡ ಮಾತೆಲ್ಲ ಆಗಿರೋದು ಆ ಪಾದಗಳ ಜೊತೆ, ಅಪ್ಪಾ ನಂಗೆ ಕೆಲಸ ಸಿಕ್ತು, ಏನು ಕೆಲಸ, ಆಂಬುಲೆನ್ಸ್, ಪಾದ ಅಲುಗದೆ ಹಾಗೇ ನಿಂತವು, ಆಮೇಲೆ ಒಳಗಿಂದ ಆ ಬಟ್ಟೆ ಕೊಡು ಅನ್ನೋ ಮಾತು ಬಂತು, ಕೊಟ್ಟೆ, ಒಪ್ಪಿದರು ಅಂತ ಅರ್ಥ. ಈಗಿನವರು ಎಸ್‌ಯುವಿ ಅಂತಾರೆ, ನಮ್ಮನೇಲಿ ಇದರ ಹೆಸರು ದೊಡ್ಡಮಗ, ನಾನು ಹುಟ್ಟೋಕೆ ಮುಂಚೆ ಬಂದಿದ್ದು, ಊಟಕ್ಕೆ ಕರೆಯೋಕೆ ಹೋದ್ರೆ ಇರು ದೊಡ್ಡಮಗನ ಸ್ನಾನ ಮುಗೀಲಿ ಅನ್ನೋರು, ನಮಗೆ ತಲೆ ಬಾಚದ ಅಪ್ಪ ಇದರ ಹೊಟ್ಟೆ ಉಜ್ಜಿ ಉಜ್ಜಿ ಹೊಳೆಸೋರು. ನನಗೆ ಇದರ ಮೇಲೆ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ಅಂಥ ಗಾಡಿ ಚಾಸಿ ಹೇಗೆ ಬಿಟ್ಟುಕೊಳ್ಳುತ್ತೆ. ಲಾರಿ ಹಾರನ್ ಹೊಡೀತು, ಹೊಡ್ಕೋ, ನನಗೇನು. ವಯಸ್ಸಾಯ್ತು ಸರಿ, ಆದರೆ ತುಕ್ಕು ಅನ್ನೋದನ್ನ ಅಪ್ಪ ಹತ್ತಿರ ಸೇರಿಸಿಲ್ಲ, ಪ್ರತಿ ಮಳೆಗಾಲ ಮುಗಿದ ಮೇಲೆ ಕಪ್ಪು ಬಣ್ಣ, ಪ್ರತಿ ವಾರ ಜೋರು ನೀರು, ಬೇರೆಯವರ ಗಾಡಿ ಕೆಳಗೆ ಬಗ್ಗಿ ನೋಡಿ ಥೂ ಅನ್ನೋರು, ಆಸ್ಪತ್ರೆ ಅಂಗಳದಲ್ಲೂ ಅದನ್ನೇ ಮಾಡಿದ್ದಾರೆ, ಅಮ್ಮನ ಡಿಸ್ಚಾರ್ಜ್ ಕಾಯ್ತಾ ಕೂರೋದು ಬಿಟ್ಟು, ಅದೇ ಪುರಾಣ ಈಗ ನಡೀತಿದೆ, ಒಬ್ಬ ಮೂಳೆ ಡಾಕ್ಟರ ಗಾಡಿ, ಹೊಸದು, ಅಡೀಲೆಲ್ಲ ಕೆಂಪು ಹಿಡಿದಿದೆ, ಹೇಳಿದೆ ಅವನಿಗೆ, ನಗಾಡಿದ, ನಮ್ಮದು ನೋಡಬೇಕಿತ್ತು ಅವನು, ಈ ವಯಸ್ಸಿಗೆ ಹೀಗಿರೋ ಚಾಸಿ ತೋರಿಸಲಿ ನೋಡೋಣ, ಇದನ್ನ ಮಾಡಿದ ಕಂಪನಿಯವರಿಗೂ ಬುದ್ಧಿ ಇಲ್ಲ, ಉದ್ದಕ್ಕೂ ತೂತು ಬಿಟ್ಟಿದ್ದರು, ಎಲ್ಲಾ ನಾನೇ ಮುಚ್ಚಿದ್ದು.

ಏನು.

ಯಾವ ತೂತು ಅಪ್ಪ, ಅಂತ ಕೇಳಿದೆ, ಕಣ್ಣು ರಸ್ತೆ ಮೇಲೆ. ಚಾಸಿ ತೂತು, ಕೆಳಮುಖಕ್ಕೆ, ಸಾಲಾಗಿ, ಹುಳುಕು ಹಲ್ಲಿನ ಹಾಗೆ ಬಾಯಿ ಬಿಟ್ಕೊಂಡಿದ್ದವು, ಕೆಸರು ನೀರು ಎರಚಿದ್ರೆ ಒಳಗೆ ಹೋಗಲ್ವಾ, ಪ್ರ್ಯಾಕ್ಟೀಸ್ ಬಿಟ್ಟ ಮೇಲೆ ಕೈಗೆ ಕೆಲಸ ಬೇಕಲ್ಲ, ಒಂದೊಂದೇ ಕ್ಲೀನ್ ಮಾಡಿ, ಒಣಗಿಸಿ, ರಬ್ಬರ್ ಬಿರಡೆ ಕೂರಿಸಿ, ಮೇಲೆ ಅಂಟು ಬಳಿದು, ಬಣ್ಣ ಹೊಡೆದೆ, ಬೆರಳು ಆಡಿಸಿದ್ರೆ ಎಲ್ಲಿ ತೂತಿತ್ತು ಅಂತ ಗೊತ್ತಾಗಲ್ಲ, ಫಿಲ್ಲಿಂಗ್ ಅಂದ್ರೆ ಹಾಗಿರಬೇಕು. ಎಷ್ಟು ಸಂತೋಷ ಆ ದನಿಯಲ್ಲಿ. ಅಯ್ಯೋ ಅಪ್ಪ, ಅಯ್ಯೋ ನನ್ನಪ್ಪ, ಆ ತೂತು ನೀರು ಒಳಗೆ ಹೋಗೋಕಲ್ಲ, ಆಚೆ ಬರೋಕೆ. ಡಿಪೋದಲ್ಲಿ ಸೋಮವಾರ ಸೋಮವಾರ ರಟ್ಟು ಹಾಸ್ಕೊಂಡು ಗಾಡಿ ಕೆಳಗೆ ತೂರಿ ತಂತೀಲಿ ಚುಚ್ಚಿ ಚುಚ್ಚಿ ಬಿಡಿಸ್ತೀವಿ ನಾವು ಆ ತೂತುಗಳನ್ನ, ಚಾಸಿ ಒಳಗೆ ಟೊಳ್ಳು, ನೀರು ಹೇಗೂ ಇಳಿಯುತ್ತೆ, ಮೇಲ್ಗಡೆ ಕಣ್ಣಿಗೆ ಬೀಳದ ಸಂದು ಬೇಕಾದಷ್ಟಿವೆ, ಬಾಡಿ ಮುಚ್ಚಿಕೊಂಡಿರುತ್ತೆ, ಕೆಳಗೆ ಮಲಗಿ ನೋಡಿದ್ರೆ ಕಾಣಲ್ಲ, ವಾರ ವಾರ ಹೊಡೆದ ಜೋರು ನೀರು, ದೊಡ್ಡಮಗನ ಸ್ನಾನದ ನೀರು, ಮೇಲಿಂದ ಒಳಗಿಳಿದು ಆಚೆ ಹೋಗೋ ದಾರಿ ಹುಡುಕಿದೆ, ದಾರಿಗೆಲ್ಲ ಅಪ್ಪ ಫಿಲ್ಲಿಂಗ್ ಮಾಡಿದಾರೆ, ಅಲ್ಲೇ ನಿಂತು ವರ್ಷಗಟ್ಟಲೆ ಒಳಗಿಂದ ತಿಂದಿದೆ. ಹೊರಗೆ ಹೊಳೀತಿದೆ. ಹುಳುಕು ತೆಗೀದೆ ಮೇಲೆ ಮುಚ್ಚಿದರೆ ಹಲ್ಲಿನ ಬೇರೇ ಕೊಳೆಯುತ್ತೆ ಅಂತ ಊರಿಗೆಲ್ಲ ಹೇಳಿದವರು, ಜೂನಿಯರ್ ಡಾಕ್ಟರುಗಳನ್ನ ಅದೇ ಮಾತಿಗೆ ಬೈದು ಬೈದು ಅಳಿಸಿದವರು. ನಗು ಬರ್ತಿದೆ ನನಗೆ, ನಗುವೋ ಇನ್ನೇನೋ, ಈಗ ಬೇಡ, ಈಗ ರಸ್ತೆ ನೋಡು. ಅಪ್ಪನಿಗೆ ಇದು ಯಾವತ್ತೂ ಗೊತ್ತಾಗಬಾರದು.

ಗಾಡಿ ಕೆಮ್ತಾ ಇದೆಯಲ್ಲೇ, ಅಂತ ಹಿಂದಿಂದ ಅಮ್ಮ. ಎಚ್ಚರ ಇದ್ದಾಳೆ. ಯಾವಾಗಿಂದ ಎಚ್ಚರ ಇದ್ದಾಳೆ. ವಾಕರ್ ಅಮ್ಮ, ಅಂದೆ. ಡಿಕ್ಕೀಲಿ ವಾಕರ್ ಇರೋದು ನನ್ನ ಕಾಲ ಕಡೆ, ಸದ್ದು ತಲೆ ಹತ್ತಿರ ಬರ್ತಿದೆ, ಅಂದಳು, ಒಳಗಿನ ಕನ್ನಡೀಲಿ ನೋಡಿದೆ, ಅವಳ ಕಣ್ಣು ನನ್ನ ಕಣ್ಣನ್ನೇ ಕಾಯ್ತಾ ಇತ್ತು. ನಾನು ಕಣ್ಣು ತೆಗೆದೆ, ತೆಗೀಬಾರದಿತ್ತು, ಅಮ್ಮನಿಗೆ ಅಷ್ಟು ಸಾಕು. ಏನಂತೆ ಅಂದರು ಅಪ್ಪ, ಅವರಿಗೆ ಅರ್ಧ ಕೇಳಿದೆ. ಏನಿಲ್ಲ, ಗಾಡಿ ಚೆನ್ನಾಗಿದೆ ಅಂದೆ, ಅಂತ ಅಮ್ಮ, ಮತ್ತೆ, ಯಾರ ಗಾಡಿ, ಅಂತ ಅಪ್ಪ ಎದೆ ಉಬ್ಬಿಸಿ ಕೂತರು. ಕೈ ಮಾತ್ರ ಅಲ್ಲೇ. ಉಗುರು ಒಪ್ಪವಾಗಿ ಕತ್ತರಿಸಿದ ಕೈ, ಹೆಬ್ಬೆರಳು ಲಿವರಿನ ತುದಿಯ ಗುಂಡಿ ಮೇಲೆ ಆಡ್ತಿದೆ, ಒತ್ತಲ್ಲ, ಸುಮ್ಮನೆ ಸವರುತ್ತೆ, ನಾನು ರಸ್ತೆ ನೋಡ್ತೀನಿ, ಚಕ್ರ ನೋಡ್ತೀನಿ, ಕೈ ನೋಡ್ತೀನಿ, ರಸ್ತೆ, ಚಕ್ರ, ಕೈ. ಚಕ್ರ ಈಗ ಹಿಂದಕ್ಕೇ ಒರಗಿಕೊಂಡಿದೆ, ಇಂಜಿನ್ ಎಳೆತಕ್ಕೆ, ಅಲ್ಲೇ ಇರಪ್ಪ, ಅಲುಗಬೇಡ, ಅಲ್ಲೇ ಇದ್ರೆ ಸಾಕು, ನಾನು ಸ್ಟೀರಿಂಗನ್ನ ಅಷ್ಟೇ ಸೊಟ್ಟ ಹಿಡಿದು ನೇರ ಹೋಗ್ತೀನಿ.

ಅಮ್ಮ ಬಿದ್ದಿದ್ದು ಸ್ಟೂಲ್ ಮೇಲಿಂದ, ಬಲ್ಬ್ ಬದಲಾಯಿಸೋಕೆ ಹತ್ತಿದ್ದು, ಅಪ್ಪ ಗಾಡಿ ಕೆಳಗೆ ಇದ್ದರು, ಕೂಗಿದ್ದು ಕೇಳಿಸಿಲ್ಲ, ಎಡಗಿವಿ. ಅವಳು ಜೋರಾಗಿ ಕೂಗಿರೋದೂ ಇಲ್ಲ, ನನಗೆ ಗೊತ್ತು, ಬಿದ್ದಲ್ಲಿಂದಲೇ ತೆವಳಿಕೊಂಡು ಬಾಗಿಲ ತನಕ ಬಂದು ರೀ ಸ್ವಲ್ಪ ಬರ್ತೀರಾ ಅಂದಿದ್ದಾಳೆ. ಸ್ವಲ್ಪ ಬರ್ತೀರಾ ಅಂತೆ, ಸೊಂಟ ಎರಡು ತುಂಡಾಗಿದೆ, ಸ್ವಲ್ಪ ಬರ್ತೀರಾ. ನಾನು ಬಂದು ಸ್ಟ್ರೆಚರಿಗೆ ಎತ್ತುವಾಗ ನೋವಿದೆಯಾ ಅಂತ ಕೇಳಿದರೆ ಇಲ್ಲ ಅಂದಳು, ಆಪರೇಷನ್ ಆದ ಮೇಲೆ ನರ್ಸ್ ಕೇಳಿದ್ರೂ ಇಲ್ಲ, ಈ ಹೆಂಗಸು ಮೈಯಲ್ಲಿ ನೋವೇ ಇಲ್ವಾ ಅಂತ ನರ್ಸ್ ನನ್ನ ಕೇಳಿದ್ದಳು. ಅವಳು ಯಾರ ಮುಂದೆಯೂ ನೋವು ಅಂದವಳಲ್ಲ, ಅಪ್ಪ ಅವಳ ಹಲ್ಲು ನೋಡುವಾಗಲೂ ಅಂದಿಲ್ಲ, ಇವತ್ತಿಗೂ ಬಾಯಲ್ಲಿ ಅಷ್ಟೂ ಹಲ್ಲಿದೆ, ನನ್ನ ಬೋರ್ಡು ಇವಳು, ಕ್ಲಿನಿಕ್ ಬಾಗಿಲಲ್ಲಿ ನಗ್ತಾ ನಿಲ್ಲಿಸಿದ್ರೆ ಸಾಕು ಅಂತ ಅಪ್ಪ ಹೇಳಿಕೊಂಡು ತಿರುಗ್ತಿದ್ದರು. ಆಂಬುಲೆನ್ಸಲ್ಲೇ ಕರ್ಕೊಂಡು ಬರ್ತೀನಿ ಅಂದೆ ನಾನು ಮೊನ್ನೆ, ಅದು ಹುಷಾರಿಲ್ಲದವರಿಗೆ, ಇವಳು ಹುಷಾರಾಗಿದಾಳೆ, ನಮ್ಮ ಗಾಡೀಲಿ ಮನೆಗೆ ಬರ್ತಾಳೆ, ನೀನು ಬೇಕಾದ್ರೆ ಓಡಿಸು ಅಂದರು ಅಪ್ಪ, ಬಿದ್ದಾಗ ಕೇಳಿಸಲಿಲ್ಲ ಅನ್ನೋದು ಅವರನ್ನ ಒಳಗೊಳಗೇ ಕೊರೀತಿತ್ತು, ಈ ಗಾಡೀಲಿ ಅವಳನ್ನ ಮನೆ ಸೇರಿಸಿದ್ರೆ ಅದು ತೀರುತ್ತೆ ಅಂದುಕೊಂಡಿದ್ದಾರೆ. ಒಂದು ಲೋಟ ನೀರೂ ತುಳುಕದ ಹಾಗೆ ಬಂದೆವು ಅಂತ ನಾಳೆ ಎಲ್ಲರಿಗೂ ಫೋನ್ ಮಾಡಬೇಕು ಅವರಿಗೆ.

ಇನ್ನು ಕೊನೇ ತಿರುವು, ಅದಾದ ಮೇಲೆ ಜಲ್ಲಿ ಮೈದಾನ ಕಾಣುತ್ತೆ, ಕಂಡೇಬಿಟ್ಟಿತು ಮರಗಳ ಸಂದೀಲಿ, ಬೂದು ಬಣ್ಣ, ಎರಡು ಲಾರಿ ನಿಂತಿವೆ, ಅಷ್ಟೇ, ಇಷ್ಟು ದಾಟಿದ್ರೆ ಅಷ್ಟೇ — ಹಿಂದಿನ ಲಾರಿಯವನಿಗೆ ತಾಳ್ಮೆ ಕೆಟ್ಟಿತು, ಹಾರನ್ ಒತ್ತಿಕೊಂಡೇ ಪಕ್ಕಕ್ಕೆ ಬಂದ, ಬೇಡ ಕಣಯ್ಯ, ತಿರುವಲ್ಲಿ ಬೇಡ, ಬಂದೇಬಿಟ್ಟ, ದಿಮ್ಮಿಗಳು ನನ್ನ ಕಿಟಕಿ ಪಕ್ಕ, ತೊಗಟೆ ವಾಸನೆ, ಎದುರಿಂದ ಒಂದು ಬಿಳೀ ಕಾರು, ಲಾರಿ ನನ್ನ ಮೇಲೇ ವಾಲ್ತಿದೆ, ಅವನಿಗೆ ಜಾಗ ಕೊಡಬೇಕು, ಕೊಡೋಕೆ ನಿಧಾನ ಆಗಬೇಕು, ಬ್ರೇಕ್ ಒತ್ತಿದೆ, ಒತ್ತಲೇಬೇಕಾಯ್ತು, ಟೊಕ್ ಅಲ್ಲ ಈ ಸಲ, ಹರಿದ ಸದ್ದು, ತಗಡು ಹರಿದ ಸದ್ದು ಉದ್ದಕ್ಕೆ, ಮೂತಿ ಕಣಿವೆ ಕಡೆ ತಿರುಗ್ತು, ಗಿಡ್ಡ ಕಲ್ಲು ಎದುರಿಗೇ ಬಂತು, ಏನಾಯ್ತೇ ಗಾಡಿಗೆ, ಅಪ್ಪನ ದನಿ, ನಾನು ಕೈ ನೋಡಿದೆ, ಬೆರಳು ಬಿಗಿದಿದೆ, ಹೆಬ್ಬೆರಳು ಗುಂಡಿ ಒತ್ತಿದೆ, ಲಿವರ್ ಒಂದು ಹಲ್ಲು ಮೇಲೆದ್ದಿದೆ, ಕ್ರರ್, ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ, ಎರಡು ಕೈಯೂ ಸ್ಟೀರಿಂಗ್ ಮೇಲೆ. ರೀ. ಅಮ್ಮ. ರೀ, ಕೈ ಕೊಡಿ ಇಲ್ಲಿ. ನೋಯ್ತಿದೆ. ತುಂಬ ನೋಯ್ತಿದೆ ರೀ.

ಕೈ ಹೋಯ್ತು. ನನ್ನ ಪಕ್ಕದಿಂದ ಆ ಕೈ ಎದ್ದು ಹೋಯ್ತು, ಅಪ್ಪ ಸೀಟಲ್ಲೇ ಪೂರ್ತಿ ಹಿಂದೆ ತಿರುಗಿದ್ದರು, ಎರಡೂ ಕೈ ಹಿಂದೆ, ಎಲ್ಲಿ, ಎಲ್ಲಿ ನೋಯ್ತಿದೆ, ಹೇಳೇ, ಅವರ ದನಿ ಮಗು ದನಿ ಆಗಿತ್ತು, ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಅವರು ಕೇಳೇ ಇಲ್ಲ, ಇಲ್ಲಿ ಅಂದಳು, ಬಿಡಬೇಡಿ ಅಂದಳು, ಎರಡೂ ಕೈ ಹಿಡ್ಕೊಳ್ಳಿ ಅಂದಳು. ನಾನು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದೆ, ಇಳಿಜಾರಲ್ಲಿ, ಕಲ್ಲು ಎದುರಿಗಿರುವಾಗ, ಮೈಯೆಲ್ಲ ಬೇಡ ಅಂತಿತ್ತು, ಒತ್ತಿದೆ, ಚಕ್ರ ಮುಂದಕ್ಕೆ ದಬ್ ಅಂತ ಬಂದು ಕೂತಿತು, ಮೂತಿ ಈಚೆ ಬಂತು, ಅಪ್ಪನ ಕಡೆ ಬಾಗಿಲ ಅಡಿ ಕಲ್ಲನ್ನ ಉಜ್ಜಿಕೊಂಡು ಹೋಯ್ತು, ಲಾರಿ ಮುಂದೆ ಹೋಯ್ತು, ಬಿಳೀ ಕಾರಿನವನು ಏನೋ ಬೈದುಕೊಂಡು ಹೋದ, ರಸ್ತೆ ಬಿಚ್ಚಿಕೊಂಡಿತು, ಜಲ್ಲಿ, ಚಕ್ರದಡಿ ಜಲ್ಲಿ, ಏರು, ಹತ್ತು, ಇನ್ನೂ ಸ್ವಲ್ಪ ಹತ್ತು, ತಾನಾಗೇ ನಿಲ್ಲುತ್ತೆ, ನಿಂತಿತು. ಗೇರಲ್ಲೇ ಬಿಟ್ಟು ಇಂಜಿನ್ ಆರಿಸಿದೆ.

ನೋವು ಹೇಗಿದೆ ಅಮ್ಮ, ಅಂದೆ, ತಿರುಗಿ ನೋಡೋಕೆ ಕತ್ತು ಬರಲಿಲ್ಲ. ಏನು ನೋವು, ಅಂದಳು. ಅಪ್ಪ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಕೈ ಬಿಡಿಸಿಕೊಂಡರು, ಬಾಗಿಲು ತೆಗೆದರು, ಅಪ್ಪ ಕೆಳಗೆ ಹೋಗಬೇಡಿ, ಕೂತ್ಕೊಳ್ಳಿ, ನಾನು ನೋಡ್ತೀನಿ ಅಂದೆ, ಇಳಿದಾಗಿತ್ತು. ಅಮ್ಮ ಹಿಂದಿಂದ ನನ್ನ ಭುಜ ಮುಟ್ಟಿದಳು, ಗಾಡಿಗೆ ವಯಸ್ಸಾಯ್ತು ಅಂತ ಹೇಳು, ಅಷ್ಟೇ ಹೇಳು, ಕೇಳಿಸ್ತಾ, ಅಂದಳು, ಇವಳಿಗೂ ಗೊತ್ತಾಗಿದೆ, ತೂತಿನ ಮಾತು ಬಂದಾಗ ನನ್ನ ಕಣ್ಣಲ್ಲೇ ಓದಿಕೊಂಡಿದ್ದಾಳೆ, ಹೂಂ ಅಂದೆ, ವಯಸ್ಸಾಯ್ತು, ಎಲ್ಲಾ ಗಾಡಿಗೂ ಆಗುತ್ತೆ, ಅಷ್ಟೇ ಹೇಳ್ತೀನಿ, ಇಳಿದು ಸುತ್ತು ಹಾಕಿ ಬಂದೆ, ಚಕ್ರದ ಹಿಂದೆ ಒಂದು ಕಲ್ಲು ಇಟ್ಟೆ, ಅಪ್ಪ ಜಲ್ಲಿ ಮೇಲೆ ಇಸ್ತ್ರಿ ಮಾಡಿದ ಶರ್ಟಲ್ಲೇ ಮಲಗಿಬಿಟ್ಟಿದ್ದಾರೆ, ಎರಡು ಪಾದ ಆಚೆ. ನಾನೂ ಪಕ್ಕದಲ್ಲಿ ಮಲಗಿ ತಲೆ ಒಳಗೆ ಹಾಕಿದೆ. ತೋಳಿನ ಬುಡ ಕಿತ್ತು ಬಂದು ನೇತಾಡ್ತಿದೆ, ಅದು ಅಂಟಿದ್ದ ಜಾಗದಲ್ಲಿ ಚಾಸಿ ಅಂಗೈ ಅಗಲ ಬಾಯಿ ಬಿಟ್ಟಿದೆ, ಹೊರಗಿನ ಕಪ್ಪು ಬಣ್ಣ ಸಿಪ್ಪೆಯ ಹಾಗೆ ಸುರುಳಿ ಸುತ್ತಿದೆ, ಕಬ್ಬಿಣ ಕಾಗದದಷ್ಟು ತೆಳು. ಅಪ್ಪಾ, ಗಾಡಿಗೆ ವಯಸ್ಸಾಯ್ತು, ಅಂದೆ. ವಯಸ್ಸಲ್ಲ, ಅಂದರು, ಕಲ್ಲು ಹೊಡೆದಿದೆ, ಇಲ್ಲ ಕಂಪನಿ ವೆಲ್ಡಿಂಗ್ ಸರಿಯಿಲ್ಲ, ಅದು ನನ್ನ ಕೈಲಿಲ್ಲ, ನನ್ನ ಕೈಲಿ ಇದ್ದಿದ್ದನ್ನ ಮಾಡಿದೀನಿ, ನೋಡಿಲ್ಲಿ, ಅಂತ ಬೆರಳಲ್ಲಿ ಚಾಸಿ ಉದ್ದಕ್ಕೂ ತಡವಿಕೊಂಡು ಹೋದರು, ಆ ಕಡೆ, ತಗ್ಗಲ್ಲಿ, ಹರಿಯದೇ ಇದ್ದ ಭಾಗದಲ್ಲಿ, ಒಂದು ಕಡೆ ಬೆರಳು ನಿಂತಿತು, ಅವರಿಗೆ ಮಾತ್ರ ಗೊತ್ತಿರೋ ಜಾಗ. ಬೇಡ ಅಪ್ಪ, ಬನ್ನಿ ಆಚೆ, ಮೆಕ್ಯಾನಿಕ್ ಬರಲಿ. ಇರು, ನಿನಗೆ ತೋರಿಸ್ಬೇಕು, ಒಂದು ಹನಿ ಒಳಗೆ ಹೋಗಿಲ್ಲ, ಒಂದೇ ಒಂದು ಹನಿ, ನೋಡು, ಅಂತ ಬಣ್ಣದಡಿ ಉಗುರು ಹಾಕಿ ಅಂಟು ಎಬ್ಬಿಸಿದರು, ಬಿರಡೆ ಅಂಚು ಸಿಕ್ಕಿತು, ಒಂದು ಸಲ ತಿರುಚಿದರು, ರೋಗಿಗೆ ಗೊತ್ತಾಗದ ಹಾಗೆ, ಕಿತ್ತರು —

ನೀರು ಬಂತು. ಕೆಂಪು, ಗಟ್ಟಿ ಕೆಂಪು, ತುಕ್ಕಿನ ಚೂರು ಸಮೇತ, ಮೊದಲು ಮೂಗಿನ ಹತ್ತಿರ ಸಿಡೀತು, ಆಮೇಲೆ ದಾರದ ಹಾಗೆ ನೇರ ಬೀಳೋಕೆ ಶುರುವಾಯ್ತು, ಅಪ್ಪ ಕೈ ಒಡ್ಡಿದರು, ಹಿಡಿಯೋಕೋ ಏನೋ, ಅಂಗೈ ತುಂಬಿತು, ತುಂಬಿ ಬೆರಳ ಸಂದಿಂದ ಇಳಿದು ಮಣಿಕಟ್ಟು ದಾಟಿ ಶರ್ಟಿನ ತೋಳಿನೊಳಗೆ ಹೋಗ್ತಿದೆ, ಏನಂತೆ, ಅಂತ ಮೇಲಿಂದ ಅಮ್ಮ, ಸೀಟಿನ ಮೇಲಿಂದ, ನಮ್ಮಿಬ್ಬರ ತಲೆ ಮೇಲೆ, ಏನಂತೆ ರೀ, ಏನಿಲ್ಲ ಅಮ್ಮ ಅನ್ನಬೇಕು ನಾನು, ವಯಸ್ಸಾಯ್ತು ಅನ್ನಬೇಕು, ಮಳೆ ನೀರು ಅನ್ನಬೇಕು, ಏನಾದ್ರೂ ಅನ್ನಬೇಕು, ಅಪ್ಪ ಏನೂ ಕೇಳ್ತಾ ಇಲ್ಲ, ಯಾಕೆ ಅಂತಾನೂ ಕೇಳ್ತಾ ಇಲ್ಲ, ಕೈ ತೆಗೀರಿ ಅಪ್ಪ, ತೆಗೀತಿಲ್ಲ, ನೀರು ನಿಲ್ತಿಲ್ಲ, ಕೆಂಪು, ಅಂಗೈ ತುಂಬ, ಬೆರಳ ಸಂದಿಂದ, ಇನ್ನೂ ಬರ್ತಿದೆ, ಆ ಕೈ, ಅಲ್ಲೇ ಇದೆ, ಇನ್ನೂ ಬರ್ತಿದೆ